ಆಲಿಕಲ್ಲು, ಆಣಿಕಲ್ಲು, ಓಲೆ

ಕಾಮರ್ಸ್ ಓದುವ ಹುಡುಗ ನಿಘಂಟಿನ ಉಸಾಬರಿಗೆ ಯಾಕೆ ಹೋದ ಎಂದು ಗೆಳೆಯರು ಕೇಳಬಹುದು. ನಮ್ಮ ಕನ್ನಡ ಕೂಟದಲ್ಲಿ ಪದಗಳ ಬಗ್ಗೆ ಬರೆಯುವವರು ಬೇರೆಯೇ ಇದ್ದಾರೆ. ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಡೆಬಿಟ್ಟು ಕ್ರೆಡಿಟ್ಟುಗಳ ನಡುವೆ ಸಿಕ್ಕಿಕೊಂಡವನು. ಆದರೆ ಈ ಒಂದು ಮಾತಿನ ಮಟ್ಟಿಗೆ ನನ್ನ ಲೆಕ್ಕದ ಪುಸ್ತಕದಲ್ಲಿ ಹಳೆಯ ಬಾಕಿಯೊಂದು ಉಳಿದಿದೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಮಾತಿನ ವಿಚಾರ.

ಹೋದ ಬೇಸಿಗೆಯ ಒಂದು ಸಂಜೆ. ಅಮೀರ್‌ಪೇಟಿನಲ್ಲಿ ನಾವಿರುವ ಹಾಸ್ಟೆಲಿನ ತಾರಸಿಯ ಮೇಲೆ ತಗಡಿನ ಶೀಟು ಹೊದಿಸಿದ ಊಟದ ಕೋಣೆ ಇದೆ. ಮಧ್ಯಾಹ್ನವೆಲ್ಲ ಕಾದ ಆ ಶೀಟಿನ ಕೆಳಗೆ ಕೂತು ಚಹಾ ಕುಡಿಯುತ್ತಿದ್ದೆವು. ಇದ್ದಕ್ಕಿದ್ದಂತೆ ಮೇಲೆ ಯಾರೋ ಜಲ್ಲಿ ಸುರಿದಂತೆ ಸದ್ದಾಯಿತು. ಮಾತು ಕೇಳಿಸದಷ್ಟು ಸದ್ದು. ಎಲ್ಲರೂ ಹೊರಗೆ ಓಡಿದೆವು. ಖಮ್ಮಂ ಕಡೆಯ ಹುಡುಗ ‘ವಡಗಂಡ್ಲು!’ ಎಂದು ಕೂಗಿದ. ನಿಜಾಮಾಬಾದಿನವನು ‘ಅರೆ, ಓಲೇ ಗಿರ್ ರೇ’ ಅಂದ. ನಾಂದೇಡದವನು ‘ಗಾರಾ’ ಅಂದ. ಪಾಲಕ್ಕಾಡಿನಿಂದ ಕಂಪ್ಯೂಟರ್ ಕೋರ್ಸಿಗೆ ಬಂದವನೊಬ್ಬ ‘ಆಲಿಪ್ಪಳಂ’ ಎನ್ನುತ್ತ ಒಂದನ್ನು ಎತ್ತಿ ಬಾಯಿಗೇ ಹಾಕಿಕೊಂಡ. ನಾನು ‘ಆಣಿಕಲ್ಲು’ ಅಂದೆ. ಬಳ್ಳಾರಿಯ ಗೆಳೆಯ ನನ್ನ ಕಡೆ ತಿರುಗಿ, ‘ಅದು ಆಣಿಕಲ್ಲಲ್ಲಪ್ಪಾ, ಆಲಿಕಲ್ಲು’ ಎಂದು ತಿದ್ದಿದ.

ಬಿದ್ದದ್ದು ಒಂದೇ ವಸ್ತು, ಅದೂ ಐದು ನಿಮಿಷದಲ್ಲಿ ಕರಗಿ ಹೋಗುವಂಥದು. ಅದಕ್ಕೆ ಒಂದು ತಾರಸಿಯ ಮೇಲೆ ಆರು ಹೆಸರು. ನನ್ನನ್ನು ತಿದ್ದಿದ್ದಕ್ಕೆ ಸಿಟ್ಟು ಬಂತು ಅನ್ನುವುದೂ ನಿಜ. ಆ ಸಿಟ್ಟಿನಲ್ಲೇ ಮರುದಿನ ನಿಘಂಟು ತೆಗೆದೆ.

ಫರ್ಡಿನಾಂಡ್ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು ನಿಮಗೆಲ್ಲ ಗೊತ್ತು. ಅದರಲ್ಲಿ ‘ಆಲಿ’ ಎಂಬ ಮಾತಿಗೆ ಎರಡು ಅರ್ಥ ಸಿಗುತ್ತದೆ. ಒಂದು, ಕಣ್ಣಿನ ಗುಡ್ಡೆ. ಇನ್ನೊಂದು, ಮಳೆಯ ಜೊತೆ ಬೀಳುವ ಹಿಮದ ಗಡ್ಡೆ. ಮೊದಲನೆಯದು ನಮಗೆ ದಿನವೂ ಸಿಗುವ ಮಾತೇ. ‘ಕಣ್ಣಾಲಿ’ ಎನ್ನುತ್ತೇವಲ್ಲ, ಅದು. ನಮ್ಮ ಕಾದಂಬರಿಗಳಲ್ಲಿ ನಾಯಕಿಯ ಕಣ್ಣಾಲಿಗಳು ತುಂಬಿ ಬರದೆ ಅಧ್ಯಾಯ ಮುಗಿಯುವುದಿಲ್ಲ. ಎರಡನೆಯದು ಒಂಟಿಯಾಗಿ ಈಗ ಉಳಿದಿಲ್ಲ, ಕಲ್ಲಿನ ಜೊತೆ ಸೇರಿ ‘ಆಲಿಕಲ್ಲು’ ಆಗಿಯೇ ಬದುಕಿದೆ.

ಕಣ್ಣಿಗೂ ಹಿಮಕ್ಕೂ ಏನು ಸಂಬಂಧ? ನನಗೆ ಮೊದಲು ಹೊಳೆದದ್ದು ಆಕಾರ. ಎರಡೂ ದುಂಡು, ಎರಡೂ ಬೆಳ್ಳಗೆ, ಎರಡೂ ನೀರು. ಆಲಿಕಲ್ಲನ್ನು ಅಡ್ಡ ಕತ್ತರಿಸಿದರೆ ಒಳಗೆ ಬಳೆ ಬಳೆಯಾಗಿ ಪದರುಗಳು ಕಾಣುತ್ತವೆ, ನಡುವೆ ಒಂದು ಬೊಟ್ಟು, ಥೇಟ್ ಕಣ್ಣಿನಂತೆ. ಎಷ್ಟು ಚಂದದ ಹೋಲಿಕೆ ಅಂದುಕೊಂಡು ಇದನ್ನೇ ಬರೆದುಬಿಡೋಣ ಅಂತ ಕೂತಿದ್ದೆ. ಆದರೆ ಪಂಡಿತರು ಒಪ್ಪುವುದಿಲ್ಲ. ಬರೋ ಮತ್ತು ಎಮಿನೋ ಎಂಬಿಬ್ಬರು ವಿದ್ವಾಂಸರು ದ್ರಾವಿಡ ಭಾಷೆಗಳ ಮಾತುಗಳನ್ನೆಲ್ಲ ಬೇರಿನ ಪ್ರಕಾರ ಜೋಡಿಸಿ ಒಂದು ನಿಘಂಟು ಮಾಡಿದ್ದಾರೆ (ಮೊದಲ ಮುದ್ರಣ 1961, ಪರಿಷ್ಕರಿಸಿದ್ದು 1984). ಅಲ್ಲಿ ಈ ಹಿಮದ ಆಲಿ, ತಮಿಳಿನ ‘ಆಲಿ’ಯ ಜೊತೆ ಕೂತಿದೆ. ತಮಿಳಿನಲ್ಲಿ ಆಲಿ ಎಂದರೆ ಮಳೆಹನಿ ಎಂಬ ಅರ್ಥವೂ ಉಂಟು, ಆಲಿಕಲ್ಲು ಎಂಬ ಅರ್ಥವೂ ಉಂಟು. ಅವರು ಇವತ್ತು ಆಡುವ ಮಾತು ‘ಆಲಂಗಟ್ಟಿ’. ಕಟ್ಟಿ ಎಂದರೆ ಗಡ್ಡೆ. ಮಲಯಾಳಿಗಳದ್ದು ‘ಆಲಿಪ್ಪಳಂ’, ಆಲಿಯ ಹಣ್ಣು. ಮೂರು ಸೋದರ ಭಾಷೆಗಳಲ್ಲಿ ಆಲಿ ಒಂದೇ, ಆದರೆ ಒಬ್ಬರಿಗೆ ಅದು ಕಲ್ಲು, ಒಬ್ಬರಿಗೆ ಗಡ್ಡೆ, ಒಬ್ಬರಿಗೆ ಹಣ್ಣು. ಪಾಲಕ್ಕಾಡಿನ ಹುಡುಗ ಅದನ್ನು ಬಾಯಿಗೆ ಹಾಕಿಕೊಂಡದ್ದು ಸುಮ್ಮನೆ ಅಲ್ಲ. ನಾವು ಬಯಲುಸೀಮೆಯವರು ಅದನ್ನು ಕಲ್ಲೆಂದೇ ಕರೆದೆವು. ಪೆಟ್ಟು ತಿಂದವರು ಇಟ್ಟ ಹೆಸರು ಅದು ಅಂತ ನನಗೆ ಅನ್ನಿಸುತ್ತದೆ.

ಈಗ ನನ್ನ ಆಣಿಕಲ್ಲಿಗೆ ಬರುತ್ತೇನೆ. ಬಳ್ಳಾರಿ ಗೆಳೆಯ ಗಮನಿಸಬೇಕು. ಆಲಿಕಲ್ಲು, ಆನಿಕಲ್ಲು, ಆನೆಕಲ್ಲು, ಇವೆಲ್ಲ ಕನ್ನಡದಲ್ಲಿ ಒಂದೇ ಮಾತಿನ ರೂಪಗಳು. ಆ ವಿದ್ವಾಂಸರ ನಿಘಂಟಿನಲ್ಲಿ ಸಾಲಾಗಿ ನಿಂತಿವೆ. ಲಕಾರ ನಕಾರಗಳು ಊರಿಂದ ಊರಿಗೆ ಕೈ ಬದಲಾಯಿಸಿವೆ. ನಮ್ಮ ಬೀದರ, ಕಲಬುರಗಿ ಕಡೆ ಆ ನಕಾರ ಇನ್ನೂ ಗಟ್ಟಿಯಾಗಿ ‘ಆಣಿಕಲ್ಲು’, ‘ಆಣೆಕಲ್ಲು’ ಆಗಿದೆ. ಹಾಗಾಗಿ ನಾನು ತಪ್ಪು ಆಡಿರಲಿಲ್ಲ. ಬೆಂಗಳೂರಿನ ಪಕ್ಕದ ಆನೇಕಲ್ ಊರಿನ ಹೆಸರಿಗೂ ಆಲಿಕಲ್ಲೆಂದೇ ಅರ್ಥ ಹೇಳುವವರಿದ್ದಾರೆ. ಆನೆಯಂಥ ಬಂಡೆ ಅನ್ನುವವರೂ ಇದ್ದಾರೆ. ಆ ಜಗಳ ಆನೇಕಲ್ಲಿನವರಿಗೇ ಬಿಡೋಣ.

ಆದರೆ ಆಣಿ ಎಂಬ ರೂಪದಲ್ಲಿ ಒಂದು ತೊಂದರೆ ಇದೆ. ಅದರ ಅಕ್ಕಪಕ್ಕದ ಮನೆಗಳಲ್ಲಿ ಬೇರೆ ಬೇರೆ ಮಾತುಗಳು ವಾಸ ಮಾಡುತ್ತಿವೆ. ಆಣಿ ಎಂದರೆ ಮೊಳೆ. ಅಂಗಾಲಿನಲ್ಲಿ ಏಳುವ ಗಟ್ಟಿ ಗಂಟೂ ಆಣಿಯೇ. ಆಣಿಮುತ್ತು ಎಂದರೆ ದುಂಡನೆಯ ಒಳ್ಳೆಯ ಮುತ್ತು. ಆಣೆ ಎಂದರೆ ಪ್ರಮಾಣ. ನಮ್ಮ ಅಜ್ಜಂದಿರಿಗೆ ರೂಪಾಯಿಯ ಹದಿನಾರರಲ್ಲಿ ಒಂದು ಪಾಲು. ಆನೆ ಎಂದರೆ ಆನೆ. ಇನ್ನು ಅಕಾರವನ್ನು ಕುಗ್ಗಿಸಿ ‘ಅಣೆ’ ಎಂದರೆ ನೀರಿಗೆ ಅಡ್ಡ ಕಟ್ಟಿದ ಕಟ್ಟೆ, ಅಣೆಕಟ್ಟು. ಈ ಕೊನೆಯದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸಂಸ್ಕೃತದವರು ಇದಕ್ಕೆ ಕರಕಾ ಎನ್ನುತ್ತಾರೆ, ವರ್ಷೋಪಲ ಎನ್ನುತ್ತಾರೆ, ಎರಡೂ ಅಮರಕೋಶದಲ್ಲಿವೆ. ಘನೋಪಲ ಎಂದೂ ಉಂಟು. ಉಪಲ ಎಂದರೆ ಕಲ್ಲು. ಮಳೆಯ ಕಲ್ಲು, ಮೋಡದ ಕಲ್ಲು. ಅವರಿಗೂ ಕಲ್ಲೇ! ಕರಕ ಎಂಬುದಕ್ಕೆ ನೀರಿನ ಗಿಂಡಿ, ದಾಳಿಂಬೆ ಎಂಬ ಅರ್ಥಗಳೂ ಇವೆ. ದಾಳಿಂಬೆಯ ಕಾಳಿಗೂ ಆಲಿಕಲ್ಲಿಗೂ ಹೋಲಿಕೆ ಕಾಣುವುದು ಕಷ್ಟವೇನಲ್ಲ, ಆದರೆ ಒಮ್ಮೆ ಕಣ್ಣಿನ ವಿಷಯದಲ್ಲಿ ಮೋಸ ಹೋದ ಮೇಲೆ ಇಂಥ ಹೋಲಿಕೆಗೆ ಕೈ ಹಾಕಲು ಧೈರ್ಯ ಸಾಲದು.

ನೆರೆಯವರ ಮಾತುಗಳು ಕನ್ನಡ ಕಿವಿಗೆ ಬಿದ್ದಾಗ ಇನ್ನೂ ಮಜವಾಗುತ್ತದೆ. ಹಿಂದಿ, ಉರ್ದು, ಇಲ್ಲಿಯ ದಖನಿ ಎಲ್ಲದರಲ್ಲೂ ಆಲಿಕಲ್ಲು ‘ಓಲಾ’, ಬಹುವಚನ ‘ಓಲೇ’. ನಮಗೆ ಓಲೆ ಎಂದರೆ ಪತ್ರ, ತಾಳೆಗರಿ, ಕಿವಿಯ ಆಭರಣ. ಹೈದರಾಬಾದಿಗೆ ಬಂದ ಹೊಸದರಲ್ಲಿ ಯಾರೋ ‘ಓಲೇ ಗಿರೇ’ ಅಂದಾಗ ನಾನು ನೆಲದ ಮೇಲೆ ಯಾರದೋ ಕಿವಿಯೋಲೆ ಹುಡುಕಿದ್ದೇನೆ. ಅವರಲ್ಲೊಂದು ಗಾದೆ ಇದೆ, ‘ಸಿರ್ ಮುಂಡಾತೇ ಹೀ ಓಲೇ ಪಡೇ’. ತಲೆ ಬೋಳಿಸಿಕೊಂಡ ಕೂಡಲೇ ಆಲಿಕಲ್ಲು ಬಿತ್ತಂತೆ. ಕೆಲಸಕ್ಕೆ ಕೈ ಹಾಕುತ್ತಿದ್ದ ಹಾಗೆಯೇ ಆಪತ್ತು ಬಂದರೆ ಈ ಮಾತು. ಅಮೀರ್‌ಪೇಟಿನ ಕೋಚಿಂಗ್ ಸೆಂಟರುಗಳಲ್ಲಿ ಫೀಸು ಕಟ್ಟಿದ ಮರುವಾರವೇ ಆ ಕೋರ್ಸಿಗೆ ಬೆಲೆ ಹೋಯಿತೆಂದು ತಿಳಿದವರು ಈ ಗಾದೆಯನ್ನು ತುಂಬ ಬಳಸುತ್ತಾರೆ.

ಮರಾಠಿಯ ‘ಗಾರ’ ಎಂದರೆ ತಂಪು ಎಂಬ ಅರ್ಥವೂ ಇದೆ; ಆಲಿಕಲ್ಲಿನ ಬಿರುಮಳೆಗೆ ‘ಗಾರಪೀಟ್’. ನಮ್ಮ ಬೀದರದಲ್ಲಿ ಮನೆಯೊಳಗೆ ಮರಾಠಿ ಆಡುವವರು ಬಹಳ, ಹೀಗಾಗಿ ಈ ಮಾತೂ ನಮಗೆ ಚಿಕ್ಕಂದಿನಿಂದ ಗೊತ್ತು. ಆದರೆ ಕನ್ನಡದಲ್ಲಿ ಗಾರೆ ಎಂದರೆ ಗೋಡೆಗೆ ಬಳಿಯುವ ಸುಣ್ಣ ಮರಳು. ‘ಗಾರ ಬಿತ್ತು’ ಅಂದರೆ ಮೈಸೂರಿನವರು ಮನೆ ಗೋಡೆ ನೋಡಿಯಾರು. ತೆಲುಗಿನ ‘ವಡಗಂಡ್ಲು’ ಮಾತ್ರ ನನಗೆ ಬಹಳ ಹಿಡಿಸಿದ್ದು. ವಡ ಎಂದರೆ ತೆಲುಗಿನಲ್ಲಿ ಬೇಸಿಗೆಯ ಝಳ. ವಡದೆಬ್ಬ ಎಂದರೆ ಬಿಸಿಲ ಹೊಡೆತ, ವಡಗಾಲಿ ಎಂದರೆ ಬಿಸಿಗಾಳಿ. ಆ ವಡವೇ ಇಲ್ಲಿಯೂ ಇದ್ದರೆ ವಡಗಲ್ಲು ಎಂದರೆ ಬಿಸಿಲುಗಾಲದ ಕಲ್ಲು ಎಂದಾಯಿತು. ಇದು ನನ್ನ ಊಹೆ. ತೆಲುಗು ಬಲ್ಲವರು ತಪ್ಪಿದ್ದರೆ ತಿದ್ದಿ.

ಇಂಗ್ಲಿಷಿನ ಮಾತನ್ನು ಕನ್ನಡ ಲಿಪಿಯಲ್ಲಿ ಬರೆಯುವುದೇ ಕಷ್ಟ. ಇದ್ದ ಹಾಗೆ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಆದ್ದರಿಂದ ‘ಹೆಯ್ಲ್’ ಎಂದು ಬರೆಯುತ್ತೇನೆ, ನೀವು ಅರ್ಥ ಮಾಡಿಕೊಳ್ಳಿ. ಇದಕ್ಕೆ ಆಲಿಕಲ್ಲು ಎಂಬ ಅರ್ಥವೂ ಇದೆ, ಕೂಗಿ ಕರೆ, ಜಯಕಾರ ಹಾಕು ಎಂಬ ಅರ್ಥವೂ ಇದೆ. ಕಾಗುಣಿತ ಒಂದೇ ಆದರೂ ಇವು ಎರಡು ಬೇರೆ ಮಾತುಗಳು. ಆಲಿಕಲ್ಲಿನದು ಹಳೆಯ ಇಂಗ್ಲಿಷಿನಿಂದ ಬಂದದ್ದು. ಕೂಗುವುದರದು ಉತ್ತರದ ನಾರ್ಸ್ ಜನರ, ಆರೋಗ್ಯ ಎಂಬರ್ಥದ ಮಾತಿನಿಂದ ಬಂದದ್ದು. ‘ಕ್ಷೇಮವಾಗಿರು’ ಎಂದು ಹರಸುವುದೇ ಕರೆಯುವುದಾಯಿತು. ಸಮುದ್ರದಲ್ಲಿ ಹಡಗುಗಳು ಎದುರಾದಾಗ ‘ಯಾವ ಬಂದರಿನಿಂದ?’ ಎಂದು ಕೂಗಿ ಕೇಳುತ್ತಿದ್ದರಂತೆ. ಅದರಿಂದಲೇ ‘ಇಂಥ ಊರಿನವನು’ ಎನ್ನುವುದಕ್ಕೆ ‘ಹೆಯ್ಲ್ಸ್ ಫ್ರಮ್’ ಎಂಬ ಬಳಕೆ. ಪಿಯುಸಿ ಮೊದಲ ವರ್ಷದಲ್ಲಿ ಒಬ್ಬ ಸಂಗೀತಗಾರರು ಹೀಗೆ ಧಾರವಾಡದಿಂದ ‘ಹೆಯ್ಲ್’ ಆಗುವ ವಾಕ್ಯ ಬಂದಿತ್ತು. ನಾನು ಡಿಕ್ಷನರಿ ನೋಡಿ, ಮೊದಲು ಕಂಡ ಅರ್ಥ ಹಿಡಿದು, ‘ಇವರು ಧಾರವಾಡದಿಂದ ಆಲಿಕಲ್ಲಾಗಿ ಬೀಳುತ್ತಾರೆ’ ಎಂದು ಬರೆದೆ. ಮೇಷ್ಟ್ರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಥದೊಂದು ಕಥೆ ಎಲ್ಲರಿಗೂ ಇರುತ್ತದೆ. ಆಗ ನಾನೂ ನಕ್ಕೆ. ಟ್ಯಾಕ್ಸಿ ಕರೆಯುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಕೂಗುವ ಮಾತು. ಮೈತ್ರಿವನಂ ಎದುರು ನಿಂತು ಫೋನಿನಲ್ಲಿ ‘ಓಲಾ’ ಕರೆಯುವವನು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಒಟ್ಟಿಗೇ ಆಲಿಕಲ್ಲು ಕರೆದ ಹಾಗಾಗುತ್ತದೆ. ಇದು ಬರೀ ಕಾಕತಾಳೀಯ, ಆದರೆ ಬಿಡಲು ಮನಸ್ಸಾಗಲಿಲ್ಲ.

ಮಾತಿನ ಹಿಂದಿನ ವಸ್ತುವನ್ನೂ ಸ್ವಲ್ಪ ನೋಡೋಣ. ಮುಂದಿನ ವಿಚಾರಕ್ಕೆ ಅದು ಬೇಕು. ಹಿಮ ಎಂದ ಕೂಡಲೇ ಚಳಿಗಾಲ ನೆನಪಾಗುತ್ತದೆ, ಆದರೆ ದಖ್ಖನಿನಲ್ಲಿ ಆಲಿಕಲ್ಲು ಬೀಳುವುದು ಹೆಚ್ಚಾಗಿ ಮಾರ್ಚಿನಿಂದ ಮೇ ವರೆಗೆ, ನೆಲ ಕಾದಿರುವಾಗ. ಕಾದ ನೆಲದ ಗಾಳಿ ರಭಸದಿಂದ ಮೇಲೇರುತ್ತದೆ, ಸಿಡಿಲಿನ ಮೋಡ ಗೋಪುರದಂತೆ ಎತ್ತರಕ್ಕೆ ಬೆಳೆಯುತ್ತದೆ. ಅಷ್ಟೆತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗೆ. ಆದರೂ ಕೆಲವು ನೀರಹನಿಗಳು ಹೆಪ್ಪುಗಟ್ಟದೆ ಹನಿಯಾಗಿಯೇ ತೇಲುತ್ತಿರುತ್ತವೆ. ಒಂದು ಹಿಮದ ಕಣ ಸಿಕ್ಕರೆ ಸಾಕು, ತಾಗಿದ ಕೂಡಲೇ ಅದಕ್ಕೆ ಅಂಟಿ ಹೆಪ್ಪಾಗುತ್ತವೆ. ಹೀಗೆ ಪದರಿನ ಮೇಲೆ ಪದರು. ನೀರು ಬೇಗ ಹೆಪ್ಪಾದರೆ ಒಳಗೆ ಗಾಳಿ ಸಿಕ್ಕಿಕೊಂಡು ಪದರು ಬೆಳ್ಳಗಾಗುತ್ತದೆ, ನಿಧಾನವಾಗಿ ಹೆಪ್ಪಾದರೆ ಗಾಜಿನಂತೆ ತಿಳಿಯಾಗುತ್ತದೆ. ಮೇಲೇರುವ ಗಾಳಿ ಹೊರಲಾರದಷ್ಟು ತೂಕವಾದಾಗ ಅದು ಬೀಳುತ್ತದೆ. ಐದು ಮಿಲಿಮೀಟರಿಗಿಂತ ದಪ್ಪಗಿದ್ದರೆ ಹವಾಮಾನದವರ ಪ್ರಕಾರ ಆಲಿಕಲ್ಲು. ಒಂದು ಸೆಂಟಿಮೀಟರಿನ ಕಲ್ಲು ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ; ದಪ್ಪಗಾದಷ್ಟೂ ವೇಗ ಹೆಚ್ಚು.

ಅತಿ ದೊಡ್ಡದು ಎಷ್ಟು ದೊಡ್ಡದು? 1986ರ ಏಪ್ರಿಲ್ 14ರಂದು ಬಾಂಗ್ಲಾದೇಶದ ಗೋಪಾಲಗಂಜಿನಲ್ಲಿ ಬಿದ್ದ ಕಲ್ಲು ಒಂದು ಕಿಲೋಗ್ರಾಂ ಮೀರಿತ್ತು; ತೂಕದಲ್ಲಿ ಒಪ್ಪಿತವಾದ ದಾಖಲೆ ಅದು. ಆದರೆ ನಮ್ಮ ಹೈದರಾಬಾದಿನ ಹೆಸರಿನಲ್ಲಿ ಅದಕ್ಕಿಂತ ದೊಡ್ಡ ಸುದ್ದಿಯೊಂದಿದೆ. 1939ರ ಮಾರ್ಚ್ 17ರಂದು ಇಲ್ಲಿ ಏಳೂವರೆ ಪೌಂಡ್, ಅಂದರೆ 3.4 ಕಿಲೋಗ್ರಾಂ ತೂಕದ ಆಲಿಕಲ್ಲು ಬಿತ್ತೆಂದು ವರದಿಯಾಗಿತ್ತು. ಹಲವು ಕಲ್ಲುಗಳು ಒಟ್ಟಿಗೆ ಅಂಟಿ ಒಂದಾಗಿದ್ದಿರಬೇಕೆಂದು ವಿಜ್ಞಾನಿಗಳು ಅದನ್ನು ದಾಖಲೆಯಾಗಿ ಒಪ್ಪುವುದಿಲ್ಲ. ಆಗ ನಮ್ಮ ಬೀದರವೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತಾದ್ದರಿಂದ ಈ ಸುದ್ದಿಯಲ್ಲಿ ನನಗೂ ಒಂದು ಪಾಲಿದೆ ಎಂದು ಭಾವಿಸಿದ್ದೇನೆ. ಅದನ್ನು ಓದಿ ನಗುವವರು 1888ರ ಏಪ್ರಿಲ್ 30ರ ಮುರಾದಾಬಾದನ್ನೂ ಓದಬೇಕು. ಅಂದು ಉತ್ತರ ಪ್ರದೇಶದ ಆ ಊರಿನ ಸುತ್ತ ಆಲಿಕಲ್ಲಿಗೆ ಸಿಕ್ಕಿ ಸತ್ತವರು 246 ಜನ. ವಿಶ್ವ ಹವಾಮಾನ ಸಂಸ್ಥೆ 2017ರಲ್ಲಿ ಇದನ್ನೇ ಜಗತ್ತಿನ ಅತ್ಯಂತ ಮಾರಕ ಆಲಿಕಲ್ಲು ಮಳೆ ಎಂದು ದಾಖಲಿಸಿತು.

ಇನ್ನೊಂದು ಗುಣ ಹೇಳಿ ಈ ಭಾಗ ಮುಗಿಸುತ್ತೇನೆ. ಮಳೆ ಸೀಮೆಗೆಲ್ಲ ಬೀಳುತ್ತದೆ, ಆಲಿಕಲ್ಲು ಪಟ್ಟಿಯಾಗಿ ಬೀಳುತ್ತದೆ. ಮೋಡ ಸಾಗಿದ ದಾರಿಯಗುಂಟ ಒಂದು ಅಗಲ, ಅಷ್ಟೇ. ಈ ಹೊಲ ಚಿಂದಿಯಾಗಿರುತ್ತದೆ, ಹಳ್ಳದಾಚೆಯ ಹೊಲದಲ್ಲಿ ಎಲೆಯೂ ಹರಿದಿರುವುದಿಲ್ಲ. ಬೆಳೆ ವಿಮೆ ಓದಿದವರಿಗೆ ಇದರ ಮಹತ್ವ ತಿಳಿಯುತ್ತದೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂತು. ಹಿಂಗಾರಿ ಬೆಳೆಗೆ ರೈತ ಕಟ್ಟುವ ಪ್ರೀಮಿಯಂ ವಿಮಾ ಮೊತ್ತದ ಶೇಕಡಾ ಒಂದೂವರೆ ಮೀರುವುದಿಲ್ಲ, ಮುಂಗಾರಿಗೆ ಎರಡು. ಸಾಮಾನ್ಯವಾಗಿ ಇಡೀ ಪಂಚಾಯಿತಿಯ ಸರಾಸರಿ ಇಳುವರಿ ಬಿದ್ದರೆ ಮಾತ್ರ ಪರಿಹಾರ. ನಿನ್ನೊಬ್ಬನ ಹೊಲ ಹಾಳಾದರೆ ಲೆಕ್ಕಕ್ಕಿಲ್ಲ. ಆದರೆ ಆಲಿಕಲ್ಲು, ಭೂಕುಸಿತ, ಹೊಲಕ್ಕೆ ನೀರು ನುಗ್ಗುವುದು, ಮೇಘಸ್ಫೋಟ, ಸಿಡಿಲಿನ ಬೆಂಕಿ ಇವುಗಳಿಗೆ ‘ಸ್ಥಳೀಯ ವಿಪತ್ತು’ ಎಂಬ ಬೇರೆ ತಲೆಬರಹವಿದೆ. ಅದರಡಿ ಒಬ್ಬ ರೈತನ ಒಂದು ಹೊಲವನ್ನೇ ಬಂದು ನೋಡಬೇಕು. ಷರತ್ತು ಒಂದೇ, 72 ಗಂಟೆಗಳೊಳಗೆ ತಿಳಿಸಬೇಕು, ತಿಳಿಸುವಾಗ ಕಾರಣ ಹೇಳಬೇಕು. ಕಾರಣ ಎಂದರೆ ಒಂದು ಮಾತು.

ಇಲ್ಲಿಂದ ನನ್ನ ಬಾಕಿ.

2023ರ ಮಾರ್ಚ್ ಮೂರನೇ ವಾರ. ತೆಲಂಗಾಣದ ಜಹೀರಾಬಾದ್ ಕಡೆ, ವಿಕಾರಾಬಾದ್ ಜಿಲ್ಲೆಯ ಮರ್ಪಲ್ಲಿ ಕಡೆ ನೆಲವೆಲ್ಲ ಬೆಳ್ಳಗಾಗಿ, ಕಾಶ್ಮೀರ ಎಂದು ಜನ ಫೋಟೋ ಹಾಕಿಕೊಂಡ ವಾರ ಅದು. ಗಡಿಯ ಈಚೆ ಹುಮನಾಬಾದ್ ತಾಲೂಕಿನ ನಮ್ಮ ಹಳ್ಳಿಯಲ್ಲೂ ಬಿತ್ತು. ನನ್ನ ದ್ವಿತೀಯ ಪಿಯುಸಿ ಪರೀಕ್ಷೆ ನಡೆದಿತ್ತು. ಹಿಂದಿನ ಮಳೆಗಾಲ ಬೇಗ ಬಿಡದೆ ಎರಡೂವರೆ ಎಕರೆ ಬಿಳಿಜೋಳ ತಡವಾಗಿ ಬಿತ್ತಿದ್ದೆವು, ತೆನೆ ಇನ್ನೂ ನಿಂತಿತ್ತು. ಸಂಜೆ ನಾಲ್ಕಕ್ಕೆ ಕತ್ತಲಾಯಿತು. ಮೊದಲು ನಿಂಬೆಕಾಯಿಯಂಥವು ನಾಲ್ಕೈದು ಅಂಗಳದಲ್ಲಿ ಪುಟಿದವು. ಅಜ್ಜಿ ಅಡುಗೆ ಮನೆಯಿಂದ ಒನಕೆ ತಂದು ಅಂಗಳಕ್ಕೆ ಎಸೆದಳು. ಹಾಗೆ ಎಸೆದರೆ ನಿಲ್ಲುತ್ತದಂತೆ. ನಿಲ್ಲಲಿಲ್ಲ. ಕಾಲು ಗಂಟೆ ಸುರಿಯಿತು. ಅಪ್ಪ ಬಾಗಿಲಲ್ಲಿ ನಿಂತಿದ್ದ, ಏನೂ ಮಾತಾಡಲಿಲ್ಲ. ನಿಂತ ಮೇಲೆ ಹೊಲಕ್ಕೆ ಹೋದೆವು. ದಂಟು ಮುರಿದು, ಎಲೆ ಹುರಿಯಾಗಿ ಹರಿದು, ತೆನೆ ಕೆಸರಿನಲ್ಲಿ ಬಿದ್ದಿತ್ತು. ಸಾಲುಗಳ ನಡುವೆ ಹಿಮ ಅಂಗೈ ದಪ್ಪ ಕೂತಿತ್ತು. ನನ್ನ ತಂಗಿ ಅದನ್ನು ಕೊಡದಲ್ಲಿ ತುಂಬುತ್ತಿದ್ದಳು.

ಮರುದಿನ ಅಪ್ಪ ವಿಮೆಯ ಸಹಾಯವಾಣಿಗೆ ಫೋನು ಮಾಡಿದ. ನಾನು ಪಕ್ಕದಲ್ಲೇ ಅಕೌಂಟೆನ್ಸಿ ಲೆಕ್ಕ ಬಿಡಿಸುತ್ತ ಕೂತಿದ್ದೆ. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರು, ಮರ್ಯಾದೆಯಾಗಿಯೂ ಮಾತಾಡಿದರು. ಆದರೆ ದಕ್ಷಿಣದ ಕನ್ನಡ.

‘ಏನಾಗಿದೆ ಸರ್ ಬೆಳೆಗೆ?’

‘ಆಣಿಕಲ್ಲ ಬಿದ್ದಾವ್ರೀ. ಜ್ವಾಳ ಎಲ್ಲಾ ನೆಲಕ್ಕ ಹೋಗ್ಯಾದ.’

‘ಅಣೆಕಟ್ಟಾ ಸರ್? ನೀರು ಬಂತಾ ಹೊಲಕ್ಕೆ?’

ಅಪ್ಪನಿಗೆ ಆ ಮೊದಲ ಮಾತು ಸರಿಯಾಗಿ ಕೇಳಿಸಲಿಲ್ಲ, ಎರಡನೆಯದು ಕೇಳಿಸಿತು. ‘ಬಂತಲ್ರೀ. ಮಳಿ ಅಂದ್ಮ್ಯಾಗ ನೀರ್ ಬರಂಗಿಲ್ಲೇನ್ರೀ?’ ಅಂದ. ಸರ್ವೆ ನಂಬರು, ಬ್ಯಾಂಕಿನ ನಂಬರು ಎಲ್ಲ ಹೇಳಿದ. ನಾನು ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಫೋನಿಗೆ ಇಂಗ್ಲಿಷಿನಲ್ಲಿ ಸಂದೇಶ ಬಂತು. ‘ಏನ್ ಬಂದಾದ ನೋಡು’ ಅಂತ ಅಪ್ಪ ಕೊಟ್ಟ. ದೂರಿನ ನಂಬರು, ದಿನಾಂಕ, ಆಮೇಲೆ ಕಾರಣ ಎಂಬ ಕಡೆ ‘ಇನಂಡೇಶನ್’ ಎಂದು ಒಂದು ಮಾತು. ಆ ಮಾತನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೆ ಕೃಷಿ ಇಲಾಖೆಯವರು ಹಿಂದೆ ಊರಲ್ಲಿ ಸಭೆ ಮಾಡಿದಾಗ ‘72 ಗಂಟೆಯೊಳಗೆ ಇಂಟಿಮೇಶನ್ ಕೊಡಬೇಕು’ ಎಂದು ಹತ್ತು ಸಲ ಹೇಳಿದ್ದರು. ನಾನು ಇನಂಡೇಶನ್ ಎಂಬುದನ್ನು ಇಂಟಿಮೇಶನ್ ಎಂದು ಓದಿಕೊಂಡೆ. ಡಿಕ್ಷನರಿ ಅದೇ ಟ್ರಂಕಿನಲ್ಲಿತ್ತು. ತೆಗೆಯಲಿಲ್ಲ. ‘ಸರಿ ಅದ ಅಪ್ಪ, ಮಾಹಿತಿ ಮುಟ್ಯಾದ ಅಂತ ಬಂದಾದ’ ಅಂದೆ.

ಇನಂಡೇಶನ್ ಎಂದರೆ ಜಲಾವೃತ, ನೀರು ನುಗ್ಗಿ ನಿಲ್ಲುವುದು.

ಎಂಟು ದಿನ ಬಿಟ್ಟು ಪರಿಶೀಲನೆಗೆ ಬಂದವರ ಕೈಯಲ್ಲಿದ್ದ ಹಾಳೆಯಲ್ಲಿ ಅದೇ ಮಾತು ಇತ್ತು. ಅವರು ಹೊಲದಲ್ಲಿ ನೀರು ನಿಂತ ಗುರುತು ಹುಡುಕಿದರು. ನಮ್ಮದು ಇಳಿಜಾರಿನ ಹೊಲ, ಅಲ್ಲಿ ನೀರು ಎಂದೂ ನಿಲ್ಲುವುದಿಲ್ಲ. ಆಲಿಕಲ್ಲು ಬಿದ್ದ ದಿನ ಸಂಜೆಯೇ ಕರಗಿ ಹಳ್ಳಕ್ಕೆ ಹರಿದಿತ್ತು. ಅಪ್ಪ ಹರಿದ ಎಲೆ, ಮುರಿದ ದಂಟು ತೋರಿಸಿದ, ‘ಆಣಿಕಲ್ಲು’ ಎಂದು ನಾಲ್ಕು ಸಲ ಹೇಳಿದ. ಬಂದವರಿಗೆ ಅರ್ಥವಾಯಿತು, ಅವರು ನಮ್ಮ ಸೀಮೆಯವರೇ. ಆದರೆ ಹಾಳೆಯಲ್ಲಿದ್ದ ಕಾರಣಕ್ಕೆ ಇದೆ ಅಥವಾ ಇಲ್ಲ ಎಂದು ಬರೆಯುವುದಷ್ಟೇ ತಮ್ಮ ಕೆಲಸ, ಹೊಸ ಕಾರಣ ಕೊಡಲು 72 ಗಂಟೆ ಮುಗಿದಿದೆ ಎಂದರು. ನೀರು ನಿಂತಿಲ್ಲ ಎಂದು ಬರೆದುಕೊಂಡು ಹೋದರು. ಅವರು ಬರೆದದ್ದು ಸುಳ್ಳಲ್ಲ.

ಹಣ ಬರಲಿಲ್ಲ. ಆ ವರ್ಷ ದನಕ್ಕೆ ಕಣಕಿಯನ್ನೂ ಕೊಂಡೆವು. ನನಗೆ ಅಕೌಂಟೆನ್ಸಿಯಲ್ಲಿ 94 ಅಂಕ ಬಂತು. ಆ ಸಂದೇಶವನ್ನು ನಾನು ಏನೆಂದು ಓದಿದೆ ಎಂಬುದನ್ನು ಅಪ್ಪನಿಗೆ ಹೇಳಿದ್ದು ಬಹಳ ತಡವಾಗಿ, ಇಲ್ಲಿಗೆ ಬಂದು ಎರಡನೇ ವರ್ಷದ ದೀಪಾವಳಿ ರಜೆಯಲ್ಲಿ. ಅಪ್ಪ ಕೇಳಿ, ‘ಹಂಗಾರ ಆಣಿಕಲ್ಲಿಗೆ ಅವರ ಕಡೆ ಏನಂತಾರ?’ ಅಂತ ಕೇಳಿದ, ಅಷ್ಟೇ. ನಾನು ‘ಆಲಿಕಲ್ಲು’ ಅಂದೆ. ‘ಆಲಿ ಅಂದ್ರ ಕಣ್ಣಲ್ಲೇನು?’ ಅಂದ. ನಿಘಂಟು ನೋಡುವ ಮೊದಲೇ ನನಗೆ ಆ ಅರ್ಥ ಹೇಳಿದವನು ಅವನು.

ಈಗ ಅಪ್ಪನ ಫೋನಿನ ಕವರಿನೊಳಗೆ ನಾನು ಬರೆದುಕೊಟ್ಟ ಒಂದು ಚೀಟಿ ಇದೆ. ಆಲಿಕಲ್ಲು, ಓಲೇ, ಇಂಗ್ಲಿಷಿನ ಹೆಯ್ಲ್‌ಸ್ಟಾರ್ಮ್, ಮೂರೂ ಕನ್ನಡ ಅಕ್ಷರದಲ್ಲಿ. ಕೆಳಗೆ 2024ರಿಂದ ಬಂದಿರುವ 14447 ಎಂಬ ಸಹಾಯವಾಣಿಯ ನಂಬರು. ಯಾರು ಎತ್ತಿದರೂ ಮೂರನ್ನೂ ಹೇಳು, ಬರೆದುಕೊಂಡದ್ದನ್ನು ತಿರುಗಿ ಓದಲು ಹೇಳು, ಸಂದೇಶ ಬಂದರೆ ನನಗೆ ಕಳಿಸು ಎಂದು ಹೇಳಿದ್ದೇನೆ. ಹಾಸ್ಟೆಲಿನ ತಗಡಿನ ಮೇಲೆ ಆಲಿಕಲ್ಲು ಬಿದ್ದ ಆ ಸಂಜೆಯೂ ನಾನು ಮೊದಲು ಮಾಡಿದ್ದು ಊರಿಗೆ ಫೋನು. ಅಲ್ಲಿ ಮೋಡವೂ ಇರಲಿಲ್ಲ.

ಒಂದು ಕೋರಿಕೆ ಇದೆ. ಆಣಿಕಲ್ಲಿನಂತೆ ಬೇರೆ ಊರುಗಳಲ್ಲಿ ಇನ್ನೂ ಯಾವ ರೂಪಗಳಿವೆಯೋ ನನಗೆ ಬೇಕು. ಕೂಟದಲ್ಲಿ ರಾಯಚೂರಿನವರಿದ್ದೀರಿ, ಕೃಷ್ಣಾ ಮಂಡಲದ ಗಡಿಕನ್ನಡಿಗರಿದ್ದೀರಿ, ಕಾಸರಗೋಡಿನವರು ಒಬ್ಬರಿದ್ದೀರಿ. ನಿಮ್ಮ ಮನೆಯಲ್ಲಿ ಹಿರಿಯರು ಏನೆನ್ನುತ್ತಾರೆ ಎಂದು ಕೇಳಿ, ಊರಿನ ಹೆಸರಿನ ಸಮೇತ ಒಂದು ಚೀಟಿಯಲ್ಲಿ ಬರೆದು ಮುಂದಿನ ಸಭೆಗೆ ತನ್ನಿ. ಬಳ್ಳಾರಿಯವರದು ಬಂದಿದೆ.